ಸ್ಟ್ರಿಪ್ಪಿನ ಬೆನ್ನು ಓದು

ಪುಟ್ಟಿ, ಮೆಡಿಕಲ್ ಅಂಗಡಿಯವರು ಕತ್ತರಿ ಕೈಗೆತ್ತಿಕೊಂಡ ಕೂಡಲೇ ‘ಅಣ್ಣಾ, ಹೆಸರಿರೋ ಕಡೆಯಿಂದ ಕೊಡಿ’ ಅನ್ನುವುದನ್ನು ರೂಢಿ ಮಾಡಿಕೋ. ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ಎರಡನ್ನು ಕತ್ತರಿಸಿ ಪುಟ್ಟ ಕವರಿಗೆ ಹಾಕಿ ಕೊಡುತ್ತಾರಲ್ಲ, ಆ ತುಂಡಿನ ಮೇಲೆ ಬಹಳ ಸಲ ಔಷಧಿಯ ಹೆಸರೂ ಇರುವುದಿಲ್ಲ, ಎಕ್ಸ್‌ಪೈರಿ ತಾರೀಖೂ ಇರುವುದಿಲ್ಲ. ಆರು ತಿಂಗಳ ಮೇಲೆ ಅದೇ ತುಂಡು ನಿನ್ನ ಬ್ಯಾಗಿನ ಮೂಲೆಯಲ್ಲಿ ಸಿಕ್ಕಾಗ ಅದು ತಲೆನೋವಿನದೋ ಭೇದಿಯದೋ ನಿನಗೂ ಗೊತ್ತಿರುವುದಿಲ್ಲ, ನಿನ್ನ ರೂಮ್‌ಮೇಟಿಗೂ ಗೊತ್ತಿರುವುದಿಲ್ಲ. ಆದರೂ ಇಬ್ಬರಲ್ಲಿ ಒಬ್ಬರು ನುಂಗಿರುತ್ತೀರಿ.

ತಾಲ್ಲೂಕು ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ನನ್ನ ಸರ್ವಿಸ್ ಮುಗಿಯಿತು. ‘ಹೋದ ಸಲ ಕೊಟ್ಟಿದ್ರಲ್ಲ, ಆ ಕೆಂಪು ಮಾತ್ರೇನೇ ಕೊಡಿ ಮೇಡಂ, ಅದಕ್ಕೇ ವಾಸಿಯಾಗಿದ್ದು’ ಅನ್ನುವವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬಣ್ಣ ಕಂಪನಿಯ ಇಷ್ಟ. ಸ್ಟ್ರಿಪ್ಪಿನ ಮುಂದಿನ ದಪ್ಪಕ್ಷರದ ಹೆಸರೂ ಕಂಪನಿಯ ಇಷ್ಟವೇ. ನಿನ್ನ ಹೊಟ್ಟೆಗೆ ಹೋಗುವುದೇನು ಅನ್ನುವುದು ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿದೆ. ಕಂಪ್ಯೂಟರಿನಲ್ಲಿ ಅಷ್ಟು ದೊಡ್ಡ ಕೆಲಸ ಮಾಡುವ ನೀನು ಆ ಎರಡು ಸಾಲು ಓದುವುದಕ್ಕೆ ಸೋಮಾರಿತನ ಮಾಡಬಾರದು ಕಣೆ.

ಓದಲು ಶುರು ಮಾಡಿದರೆ ಒಂದು ಸಮಾಧಾನವೂ ಸಿಗುತ್ತದೆ. ಅಂಗಡಿಯಲ್ಲಿ ನೂರಾರು ಹೆಸರಿದ್ದರೂ ದಿನನಿತ್ಯದ ನೋವಿಗೆ ಕೊಡುವ ಮಾತ್ರೆಗಳಲ್ಲಿ ಬಹುಪಾಲು ಎರಡೇ ಮನೆತನಕ್ಕೆ ಸೇರಿದವು. ಒಂದು ಪ್ಯಾರಾಸಿಟಮಾಲ್, ಅದರದ್ದು ಒಂಟಿ ಮನೆ. ಇನ್ನೊಂದು ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ನ್ಯಾಪ್ರಾಕ್ಸೆನ್, ಆಸ್ಪಿರಿನ್ ಇರುವ ದೊಡ್ಡ ಕುಟುಂಬ. ನೋವಿನ ಜೊತೆ ಊತವನ್ನೂ ಇಳಿಸುವವು. ಎರಡರ ಸ್ವಭಾವ ಬೇರೆ, ಎರಡೂ ಕಾಡುವ ಅಂಗವೂ ಬೇರೆ.

ಮೊದಲು ಪ್ಯಾರಾಸಿಟಮಾಲ್. ಕೊರೋನಾ ಕಾಲದಲ್ಲಿ ‘ಡೋಲೊ’ ಅನ್ನುವುದು ಮನೆಮನೆಯ ಮಾತಾಯಿತಲ್ಲ, ಅದರ ಬೆನ್ನ ಮೇಲೆ ಇರುವುದು ಇಷ್ಟೇ: ಪ್ಯಾರಾಸಿಟಮಾಲ್ 650 ಮಿಲಿಗ್ರಾಂ. ಕ್ರೋಸಿನ್, ಕ್ಯಾಲ್ಪಾಲ್ ಎಲ್ಲದರ ಹಿಂದೆಯೂ ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡುವ ಬಿಳಿ ಮಾತ್ರೆಯೂ ಅದೇ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗಕ್ಕೆ ಸಿಗುವುದೂ ಅದೇ. 1870ರ ದಶಕದಲ್ಲೇ ಪ್ರಯೋಗಶಾಲೆಯಲ್ಲಿ ತಯಾರಾಗಿದ್ದರೂ ಜನರ ಕೈಗೆ ಬಂದದ್ದು 1950ರ ನಂತರ. ಜ್ವರ, ಮೈಕೈ ನೋವು, ಸಾಮಾನ್ಯ ತಲೆನೋವು, ಇಂಜೆಕ್ಷನ್ ಹಾಕಿಸಿಕೊಂಡ ಮೇಲಿನ ತೋಳುನೋವು ಇವಕ್ಕೆಲ್ಲ ಮೊದಲು ಕೈ ಹೋಗಬೇಕಾದದ್ದು ಇದಕ್ಕೇ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೂ ಹೊಟ್ಟೆ ಕೆಡುವುದು ಕಡಿಮೆ. ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನುಂಗಿ ಹತ್ತು ನಿಮಿಷಕ್ಕೇ ‘ಏನೂ ಆಗಲಿಲ್ಲ’ ಅಂತ ಇನ್ನೊಂದು ನುಂಗುವವರಿದ್ದಾರೆ, ಆ ಸಾಲಿಗೆ ನೀನು ಸೇರಬೇಡ.

ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. 650ರ ಮಾತ್ರೆ ಆರಾದರೆ ಬಹುತೇಕ ಅಲ್ಲಿಗೇ ಮುಟ್ಟುತ್ತದೆ. ನಿನ್ನಂಥ ಐವತ್ತು ಕೆಜಿಯೂ ತೂಗದವರಿಗೆ ಮಿತಿ ಅದಕ್ಕಿಂತ ಕೆಳಗೇ ಇರಬೇಕು. ನಾನು ಮನೆಯವರಿಗೆ ಹೇಳುವ ಲೆಕ್ಕ ಸರಳ: ಆರು ಗಂಟೆಗೆ ಒಂದು, ದಿನಕ್ಕೆ ನಾಲ್ಕರ ಮೇಲೆ ಬೇಡ, ಮೂರು ದಿನದಲ್ಲಿ ಜ್ವರ ಬಿಡದಿದ್ದರೆ ಡಾಕ್ಟರ ಹತ್ತಿರ ಹೊರಡು.

ಹೆಚ್ಚಿನವರು ಮಿತಿ ದಾಟುವುದು ಎಣಿಕೆ ಮರೆತಲ್ಲ, ಬೆನ್ನು ಓದದೆ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400 ಜೊತೆಗೆ ಪ್ಯಾರಾಸಿಟಮಾಲ್ 325. ಸೊಂಟ ಹಿಡಿದಾಗ ಬರೆದುಕೊಡುವ ಜೀರೋಡಾಲ್-ಎಸ್‌ಪಿಯಲ್ಲಿ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಇದೆ. ಸಾರಿಡಾನ್‌ನಲ್ಲೂ ಇದೆ. ನೆಗಡಿಗೆ ಕೊಡುವ ಮಾತ್ರೆಗಳಲ್ಲಿ ಬಹಳಷ್ಟಕ್ಕೆ 500 ಮಿಲಿಗ್ರಾಂ ಬೆರೆಸಿರುತ್ತಾರೆ. ನೆಗಡಿ, ಜ್ವರ, ಮೈಕೈ ನೋವು ಮೂರೂ ಒಟ್ಟಿಗೆ ಬಂದ ದಿನ ಮೂರಕ್ಕೂ ಬೇರೆ ಬೇರೆ ಬಣ್ಣದ ಮಾತ್ರೆ ನುಂಗಿದವಳು ಒಂದೇ ಔಷಧಿಯನ್ನು ಮೂರು ಸಲ ನುಂಗಿರುತ್ತಾಳೆ.

ಮಿತಿ ದಾಟಿದರೆ ಏಟು ಬೀಳುವುದು ಲಿವರಿಗೆ. ಪ್ಯಾರಾಸಿಟಮಾಲ್ ಒಡೆಯುವಾಗ ಹುಟ್ಟುವ ಒಂದು ವಿಷವಸ್ತುವನ್ನು ಲಿವರ್ ತನ್ನ ದಾಸ್ತಾನಿನಿಂದ ತಟಸ್ಥ ಮಾಡುತ್ತದೆ. ಮಾತ್ರೆ ಹೆಚ್ಚಾದರೆ ದಾಸ್ತಾನು ಬರಿದಾಗುತ್ತದೆ. ದಿನವೂ ಕುಡಿಯುವವರಿಗೆ, ಊಟ ಬಿಟ್ಟು ಸೊರಗಿದವರಿಗೆ ಆ ದಾಸ್ತಾನು ಮೊದಲೇ ಕಡಿಮೆ. ಪಾರ್ಟಿಯ ಮರುದಿನದ ತಲೆನೋವಿಗೆ ಮಾತ್ರೆ ಮೇಲೆ ಮಾತ್ರೆ ನುಂಗುವ ನಿನ್ನ ಗೆಳೆಯರಿಗೂ ಇದನ್ನು ಹೇಳು. ಅತ್ತೆ ಹೇಳಿದ್ದು ಅಂತಲೇ ಹೇಳು, ನಕ್ಕರೆ ನಗಲಿ.

ಇದರ ಜೊತೆಗೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದನ್ನು ಮಾತ್ರ ಮರೆಯಬಾರದು. ನಿಮ್ಮ ಪಿಜಿಯಲ್ಲಿ ಯಾರಾದರೂ ಅರಿಯದೆಯೋ ಮನಸ್ಸು ನೊಂದೋ ಈ ಮಾತ್ರೆಯನ್ನು ಹೆಚ್ಚು ನುಂಗಿದ್ದಾರೆ ಅಂತ ತಿಳಿದರೆ, ಅವರು ನಗುತ್ತಾ ಓಡಾಡಿಕೊಂಡಿದ್ದರೂ ನಂಬಬೇಡ. ಮೊದಲ ದಿನ ಸ್ವಲ್ಪ ವಾಕರಿಕೆ, ಅಷ್ಟೇ. ಕೆಲವರಿಗೆ ಅದೂ ಇಲ್ಲ. ಲಿವರ್ ಕೈಕೊಡುವುದು ಎರಡು ಮೂರು ದಿನದ ಮೇಲೆ. ಅದಕ್ಕೆ ಅಸಿಟೈಲ್ ಸಿಸ್ಟೀನ್ ಅನ್ನುವ ಒಳ್ಳೆಯ ಪ್ರತಿವಿಷ ಇದೆ, ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಕರೆದುಕೊಂಡು ಹೋಗಲೇಬೇಕು. ಹಾಗಾಗಿ 108ಕ್ಕೆ ಫೋನ್ ಮಾಡು, ಖಾಲಿ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯು. ಬೈಯಬೇಡ, ವಿಚಾರಣೆ ಮಾಡಬೇಡ. ಮನಸ್ಸಿನ ಸಂಕಟಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಇದೆ, ನಂಬರ್ 14416.

ಇನ್ನು ದೊಡ್ಡ ಕುಟುಂಬಕ್ಕೆ ಬರೋಣ. ಏಟು ಬಿದ್ದಲ್ಲಿ, ಉಳುಕಿದಲ್ಲಿ, ಹಲ್ಲಿನ ಬುಡದಲ್ಲಿ, ಮುಟ್ಟಿನ ದಿನ ಗರ್ಭಕೋಶದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಹುಟ್ಟಿ ನೋವು, ಊತ ಎರಡನ್ನೂ ಹೆಚ್ಚಿಸುತ್ತವೆ. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು ಮಾತ್ರ 1971ರಲ್ಲಿ, ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟ ಮೇಲೆ. ಅವರಿಗೆ 1982ರಲ್ಲಿ ನೊಬೆಲ್ ಬಂತು. ಈ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಆದರೆ ಅದೇ ರಾಸಾಯನಿಕ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಕೆಲಸವನ್ನೂ ಮಾಡುತ್ತದೆ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳಗಳನ್ನು ತೆರೆದಿಡುವ ಕೆಲಸವನ್ನೂ ಮಾಡುತ್ತದೆ. ಮಾತ್ರೆಗೆ ಇಲ್ಲಿ ತಡೆ, ಅಲ್ಲಿ ಬಿಡು ಅನ್ನುವ ವಿವೇಕ ಇಲ್ಲ.

ನಮ್ಮ ಕಡೆಯ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ‘ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಅನ್ನುತ್ತಾರೆ. ಹೊಟ್ಟೆಯ ಮಟ್ಟಿಗೆ ಅದು ತಪ್ಪಲ್ಲ. ಮೂತ್ರಪಿಂಡಕ್ಕೆ ಮಾತ್ರ ಅದರಿಂದ ಕಾಸಿನ ಪ್ರಯೋಜನ ಇಲ್ಲ. ಇನ್ನು ಕೆಲವರಿಗೆ ಮಾತ್ರೆ ಸಾಲದು, ಸೊಂಟಕ್ಕೊಂದು ಸೂಜಿ ಬೀಳಲೇಬೇಕು. ಹಾಕದ ಡಾಕ್ಟರನ್ನು ಡಾಕ್ಟರೇ ಅಲ್ಲ ಅನ್ನುತ್ತಾರೆ. ಸೂಜಿಯಲ್ಲಿ ಹೋದರೆ ಹೊಟ್ಟೆಗೆ ತೊಂದರೆ ಇಲ್ಲ ಅಂತ ಅವರ ಲೆಕ್ಕ. ಔಷಧಿ ರಕ್ತಕ್ಕೆ ಸೇರಿ ಜಠರವನ್ನು ಒಳಗಿನಿಂದಲೇ ತಲುಪುತ್ತದೆ, ದಾರಿ ಬದಲಾದರೆ ಗುಣ ಬದಲಾಗುವುದಿಲ್ಲ. ಮೇಲಾಗಿ ತಪ್ಪು ಜಾಗಕ್ಕೆ ಚುಚ್ಚಿ ಕಾಲಿನ ನರಕ್ಕೇ ಪೆಟ್ಟಾಗಬಹುದು. ನುಂಗಲು ಆಗುವವರಿಗೆ ಸೂಜಿ ಯಾಕೆ ಬೇಕು?

ಐಬುಪ್ರೊಫೆನ್ ತೆಗೆದುಕೊಳ್ಳುವುದಾದರೆ ಊಟದ ಮೇಲೆ ತೆಗೆದುಕೋ, ಒಂದು ಲೋಟ ತುಂಬ ನೀರು ಕುಡಿ. ಚೀಟಿ ಇಲ್ಲದೆ ನೀನೇ ತೆಗೆದುಕೊಂಡರೆ ದಿನಕ್ಕೆ 1200 ಮಿಲಿಗ್ರಾಂ ದಾಟಬಾರದು. ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದ ದಿನ, ಬಿಸಿಲಲ್ಲಿ ಬೆಟ್ಟ ಹತ್ತಿ ಬೆವರಿ ಬಂದ ದಿನ ಅದರ ಸಹವಾಸ ಬೇಡ. ಮೂತ್ರಪಿಂಡ ಕೈಸೋಲುವುದು ಅಂಥ ಹೊತ್ತಲ್ಲೇ. ಹಾಗೆಯೇ ಒಂದೇ ಕುಟುಂಬದ ಎರಡನ್ನು ಒಟ್ಟಿಗೆ ನುಂಗಬಾರದು, ಬೆಳಿಗ್ಗೆ ಡೈಕ್ಲೋಫೆನಾಕ್, ಮಧ್ಯಾಹ್ನ ಐಬುಪ್ರೊಫೆನ್ ಅನ್ನುವ ಹಾಗೆ. ಉಬ್ಬಸ ಇರುವ ಕೆಲವರಿಗೆ ಇವುಗಳಿಂದ ಉಸಿರು ಕಟ್ಟುತ್ತದೆ. ಬಸುರಿಯರಿಗೆ ಡಾಕ್ಟರ್ ಹೇಳದೆ ಬೇಡವೇ ಬೇಡ, ಅದರಲ್ಲೂ ಐದು ತಿಂಗಳು ತುಂಬಿದ ಮೇಲೆ. ಮಲ ಡಾಂಬರಿನ ಹಾಗೆ ಕಪ್ಪಗಾದರೆ ಒಳಗೆ ರಕ್ತ ಒಸರುತ್ತಿದೆ ಅಂತ ಅರ್ಥ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲ ಹಿಡಿದ ಮೇಲಿನ ಬೆಂಗಳೂರನ್ನು ನೀನೇ ನೋಡಿದ್ದೀಯ, ಬೀದಿಗೊಂದು ಡೆಂಗಿ ಜ್ವರ. ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಮೈನೋವು ಬಂದಾಗ ‘ಡೋಲೊದಿಂದ ಹೋಗ್ತಿಲ್ಲ, ಗಟ್ಟಿ ಮಾತ್ರೆ ಕೊಡಿ’ ಅಂತ ಕೇಳುವ ಚಪಲ ಹುಟ್ಟುತ್ತದೆ. ಆ ಗಟ್ಟಿ ಮಾತ್ರೆ ಐಬುಪ್ರೊಫೆನ್ನೋ ಡೈಕ್ಲೋಫೆನಾಕೋ ಆಸ್ಪಿರಿನ್ನೋ ಆಗಿದ್ದರೆ, ಪ್ಲೇಟ್‌ಲೆಟ್ ಇಳಿದ ಮೈಯಲ್ಲಿ ರಕ್ತಸ್ರಾವಕ್ಕೆ ದಾರಿಮಾಡಿಕೊಟ್ಟ ಹಾಗೆ. ಯಾವ ಜ್ವರ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ತನಕ ಪ್ಯಾರಾಸಿಟಮಾಲ್, ನೀರು, ಗಂಜಿ, ವಿಶ್ರಾಂತಿ, ಇಷ್ಟೇ. ನಿನ್ನ ಅಕ್ಕನ ಮಗುವಿಗೆ ಜ್ವರ ಬಂದಾಗಲೂ ಆಸ್ಪಿರಿನ್ ಕೊಡಬಾರದು. ಮಕ್ಕಳಲ್ಲಿ ಅದು ಅಪರೂಪಕ್ಕಾದರೂ ಮಿದುಳು, ಲಿವರ್ ಎರಡನ್ನೂ ಹಾಳು ಮಾಡುವ ರೈ ಸಿಂಡ್ರೋಮ್ ತರುತ್ತದೆ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ಸರ್ಕಾರವೇ 2011ರಲ್ಲಿ ನಿಷೇಧ ಮಾಡಿದೆ. ಹಳೆಯ ಅಭ್ಯಾಸದಲ್ಲಿ ಯಾರಾದರೂ ಕೈಗಿಟ್ಟರೆ ವಾಪಸ್ ಕೊಡು.

ಡೈಕ್ಲೋಫೆನಾಕ್ ಹೆಸರು ಬಂದಾಗಲೆಲ್ಲ ನನಗೆ ರಾಮನಗರದ ಬಂಡೆಗಳು ನೆನಪಾಗುತ್ತವೆ. ‘ಶೋಲೆ’ ಚಿತ್ರೀಕರಣ ಆಯಿತಲ್ಲ, ಅಲ್ಲೇ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದವು. ತೊಂಬತ್ತರ ದಶಕದಲ್ಲಿ ದೇಶದ ತುಂಬ ರಣಹದ್ದುಗಳು ರಾಶಿ ರಾಶಿ ಸತ್ತವು. ಕಾರಣ ತಿಳಿದದ್ದು 2004ರಲ್ಲಿ. ನೋವಿಗೆಂದು ದನಗಳಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಆ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು, 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಮನುಷ್ಯ ಹದ್ದಿನಷ್ಟು ಸೂಕ್ಷ್ಮ ಅಲ್ಲ, ಸರಿಯಾಗಿ ಬಳಸಿದರೆ ಈ ಔಷಧಿ ನಮಗೆ ಉಪಕಾರಿಯೇ. ಆದರೂ ಇಂಥದ್ದನ್ನು ಕಡ್ಲೆಪುರಿಯ ಹಾಗೆ ಮುಕ್ಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಟ್ಟಿನ ನೋವಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ‘ಹೆಣ್ಣಾಗಿ ಹುಟ್ಟಿದ ಮೇಲೆ ತಡ್ಕೋಬೇಕು’, ‘ಮದುವೆಯಾದ್ರೆ ಸರಿಹೋಗುತ್ತೆ’ ಅನ್ನುವುದೇ ನಮಗೆ ಸಿಕ್ಕ ಔಷಧಿ. ತಡೆದುಕೊಳ್ಳುವ ಅಗತ್ಯ ಇಲ್ಲ. ಗರ್ಭಕೋಶದ ಒಳಪದರ ಕಳಚುವಾಗ ಪ್ರೋಸ್ಟಾಗ್ಲಾಂಡಿನ್ ಹೆಚ್ಚಾಗಿ ಹುಟ್ಟುತ್ತದೆ, ಸ್ನಾಯು ಹಿಂಡುತ್ತದೆ, ಹೊಟ್ಟೆ ಸೊಂಟ ತೊಡೆ ಎಲ್ಲ ಸೆಳೆಯುತ್ತವೆ. ಅದಕ್ಕೇ ಈ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಚೆನ್ನಾಗಿ ಹಿಡಿಯುತ್ತವೆ. ನೋವು ಶುರುವಾದ ಕೂಡಲೇ, ಏನಾದರೂ ತಿಂದು, ಒಂದು ತೆಗೆದುಕೋ. ಹಾಸಿಗೆಯಲ್ಲಿ ಹೊರಳಾಡುವ ಹಂತಕ್ಕೆ ಬಿಟ್ಟು ಆಮೇಲೆ ನುಂಗಿದರೆ ಮಾತ್ರೆಗೂ ಕಷ್ಟ. ಎರಡು, ಹೆಚ್ಚೆಂದರೆ ಮೂರು ದಿನ ಸಾಕು. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಂಡರೆ ಅದೂ ನಿಜವಾಗಿ ಕೆಲಸ ಮಾಡುತ್ತದೆ, ಅಜ್ಜಿಯ ಉಪಚಾರ ಅಂತ ತಳ್ಳಬೇಡ.

ನಿಮ್ಮ ವಯಸ್ಸಿನವರೆಲ್ಲ ಕೇಳಿ ಪಡೆಯುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ 250 ಮಿಲಿಗ್ರಾಂ, ಹಿಡಿತ ಸಡಿಲಿಸುವ ಡೈಸೈಕ್ಲೊಮಿನ್ 10 ಮಿಲಿಗ್ರಾಂ ಇದೆ. ಬಾಯಿ ಒಣಗುವುದು, ತೂಕಡಿಕೆ, ಕಣ್ಣು ಮಂಜಾಗುವುದು ಈ ಎರಡನೆಯದರಿಂದ. ಆ ದಿನ ಸ್ಕೂಟಿ ಓಡಿಸುವ ಮೊದಲು ಯೋಚನೆ ಮಾಡು. 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ಹುಡುಗಿಯರೆಲ್ಲ ಹೆದರಿದ್ದರು. ಅದು ಹೇಳಿದ್ದು ಡ್ರೆಸ್ ಸಿಂಡ್ರೋಮ್ ಅನ್ನುವ ಅಪರೂಪದ, ಆದರೆ ಗಂಭೀರವಾದ ಅಲರ್ಜಿಯ ಬಗ್ಗೆ. ಮಾತ್ರೆ ಶುರುಮಾಡಿದ ಕೆಲವು ವಾರದೊಳಗೆ ಮೈಮೇಲೆ ಗಂಧೆ, ಜ್ವರ, ಕುತ್ತಿಗೆಯ ಗಂಟುಗಳ ಊತ ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಅದಕ್ಕೆ ಹೆದರಿ ನೋವು ತಿನ್ನುತ್ತಾ ಕೂರಬೇಕಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ನೋವು ಏರುತ್ತಾ ಹೋದರೆ, ಮಾತ್ರೆ ನುಂಗಿದರೂ ಕೆಲಸಕ್ಕೆ ಹೋಗಲಾಗದಿದ್ದರೆ ಎಂಡೊಮೆಟ್ರಿಯೋಸಿಸ್ ಇರಬಹುದು. ಆಗ ಅಮ್ಮ ಏನಂದಾರು ಅಂತ ನೋಡದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗು.

ತಲೆನೋವಿಗೆ ಬೇರೆಯದೇ ಒಂದು ತಕರಾರಿದೆ. ಮಾತ್ರೆಯಿಂದಲೇ ತಲೆನೋವು ಬರುತ್ತದೆ ಅಂದರೆ ನಂಬುತ್ತೀಯಾ? ಮೊದಲೇ ಮೈಗ್ರೇನೋ ಒತ್ತಡದ ತಲೆನೋವೋ ಇರುವವರು ತಿಂಗಳಲ್ಲಿ ಹದಿನೈದು ದಿನವೋ ಅದಕ್ಕಿಂತ ಹೆಚ್ಚೋ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ನುಂಗುತ್ತಾ ಬಂದರೆ, ಕೆಫೀನ್ ಬೆರೆತ ಮಾತ್ರೆಗಳಾದರೆ ಹತ್ತೇ ದಿನ, ಕೆಲವು ತಿಂಗಳಲ್ಲಿ ತಲೆ ಅದಕ್ಕೇ ಒಗ್ಗಿಹೋಗಿ ಮಾತ್ರೆ ಇಳಿದ ಕೂಡಲೇ ಮತ್ತೆ ಸಿಡಿಯತೊಡಗುತ್ತದೆ. ನುಂಗಿದ ದಿನವನ್ನೆಲ್ಲ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಗುರುತು ಹೆಚ್ಚಾದರೆ ಮಾತ್ರೆ ಬದಲಿಸುತ್ತಾ ಕೂರದೆ ನರರೋಗದ ಡಾಕ್ಟರನ್ನು ನೋಡು. ಅದಕ್ಕೂ ಮೊದಲು ಬೆಳಗಿನ ತಿಂಡಿ ಬಿಟ್ಟಿದ್ದೀಯಾ, ನೀರು ಕುಡಿದಿದ್ದೀಯಾ, ಎಷ್ಟು ಹೊತ್ತಿಗೆ ಮಲಗಿದೆ, ಕನ್ನಡಕದ ನಂಬರ್ ಸರಿ ಇದೆಯಾ, ಇದನ್ನೆಲ್ಲ ನಿನಗೆ ನೀನೇ ಕೇಳಿಕೋ. ಇದ್ದಕ್ಕಿದ್ದಂತೆ ಜೀವಮಾನದಲ್ಲೇ ಕಾಣದಂಥ ತಲೆನೋವು ಸಿಡಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಮಾತು ತೊದಲಿದರೆ ಮಾತ್ರೆ ಹುಡುಕುತ್ತಾ ಕೂರಬಾರದು.

ಸಣ್ಣಪುಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಉಳುಕಿಗೆ, ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಮಾತ್ರೆ ನುಂಗುವುದಕ್ಕಿಂತ ಒಳ್ಳೆಯದು, ರಕ್ತಕ್ಕೆ ಸೇರುವುದು ಅಲ್ಪ. ಅಮೃತಾಂಜನದಂಥ ಬಾಮುಗಳ ಉರಿ, ತಂಪು ನೋವಿನ ಕಡೆಯಿಂದ ಗಮನ ಸೆಳೆಯುತ್ತವೆ, ಹಚ್ಚಿಕೊಳ್ಳಲು ಅಡ್ಡಿಯಿಲ್ಲ. ಆದರೆ ಕರ್ಪೂರ ಇರುವುದನ್ನು ಹಸುಗೂಸಿಗೆ ಹಚ್ಚಬಾರದು. ಹಲ್ಲುನೋವಿಗೆ ಲವಂಗದ ಎಣ್ಣೆ ಒಂದು ರಾತ್ರಿ ದೂಡುವುದಕ್ಕೆ ಸರಿ, ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಅದಕ್ಕಿಂತ ಚೆನ್ನ. ಹುಳುಕನ್ನು ಮಾತ್ರ ಡೆಂಟಿಸ್ಟೇ ತೆಗೆಯಬೇಕು. ಮಾತ್ರೆಯನ್ನು ವಸಡಿಗೆ ಒತ್ತಿಟ್ಟುಕೊಳ್ಳುವವರಿದ್ದಾರೆ, ವಸಡು ಸುಟ್ಟುಹೋಗುತ್ತದೆ. ಟ್ರಮಡಾಲ್ ಅನ್ನುವ ಹೆಸರು ಬೆನ್ನ ಮೇಲೆ ಕಂಡರೆ ಸ್ನೇಹಿತರು ಕೊಟ್ಟರೂ ಮುಟ್ಟಬೇಡ, ಅದು ಅಫೀಮಿನ ಗುಣದ್ದು. 2018ರಲ್ಲಿ ಮಾದಕವಸ್ತು ಕಾಯ್ದೆಯ ಕೆಳಗೆ ತಂದಿದ್ದಾರೆ. ಹೆಸರೇ ಬರೆಯದ ಪೊಟ್ಟಣದ ಪುಡಿಯಿಂದ ಮಂಡಿನೋವು ಒಂದೇ ವಾರದಲ್ಲಿ ಮಾಯವಾಯಿತು ಅಂತ ಯಾರಾದರೂ ಹೊಗಳಿದರೆ, ಅದರೊಳಗೆ ಸ್ಟೀರಾಯ್ಡ್ ಬೆರೆಸಿದ್ದಾರೋ ಅಂತ ಅನುಮಾನಿಸು. ಅಂಥದಕ್ಕೆ ಓದಲು ಬೆನ್ನೂ ಇರುವುದಿಲ್ಲ.

ಇನ್ನು ನಿನ್ನ ಅಪ್ಪನ ವಿಷಯ. ಅವನು ನನ್ನ ತಮ್ಮನಾದರೂ ನಾನು ಹೇಳಿದ್ದನ್ನು ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾನೆ. ಬಿಪಿಗೆ ಎರಡು ಥರದ ಮಾತ್ರೆ ತೆಗೆದುಕೊಳ್ಳುತ್ತಾನೆ, ಅದರಲ್ಲೊಂದು ಮೂತ್ರ ಹೆಚ್ಚಿಸುವುದು. ಅದರ ಮೇಲೆ ಮಂಡಿನೋವಿಗೆ ಅಂಗಡಿಯಿಂದ ತಾನೇ ತಂದ ಮಾತ್ರೆಯೂ ನಡೆದಿದೆ. ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊಡೆತ ಬೀಳಬಹುದು. ಬಿಪಿಯೂ ಏರುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಇನ್ನೊಂದು, ಎದೆ ಹಿಡಿದುಕೊಂಡಾಗ ‘ಗ್ಯಾಸು’ ಅಂತ ಸೋಡಾ ಕುಡಿದು ನೋವಿನ ಮಾತ್ರೆ ನುಂಗಿ ಮಲಗುವ ಜಾತಿ ಅವನದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ 2023ರಿಂದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಹಾರ್ಟ್ ಅಟ್ಯಾಕ್ ಆಗಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ದುಡ್ಡಿಲ್ಲದೆ ಕೊಡುತ್ತಾರೆ. ಎದೆನೋವು, ಬೆವರು, ಎಡತೋಳಿನ ಸೆಳೆತ ಅಂದ ಕೂಡಲೇ ಅಲ್ಲಿಗೆ ಹೋಗಬೇಕು ಅಂತ ಅಮ್ಮನಿಗೂ ಹೇಳಿಡು.

ಯುಗಾದಿಗೆ ಬಂದಾಗ ಟಿವಿ ಮೇಲಿನ ಅವನ ಬಿಸ್ಕತ್ ಡಬ್ಬಿ ಇಳಿಸಿ ಒಂದೊಂದೇ ಸ್ಟ್ರಿಪ್ಪನ್ನು ಓದು. ಎಕ್ಸ್‌ಪೈರಿ ಆದದ್ದನ್ನು ತೆಗೆ. ಮಂಡಿಗೆ ಏನು ನುಂಗುತ್ತಿದ್ದಾನೆ ಅಂತ ಒಂದು ಫೋಟೋ ತೆಗೆದು ನನಗೆ ಕಳಿಸು. ಹಬ್ಬದ ಮಾರನೆಯ ದಿನ ಲ್ಯಾಬಿಗೆ ಕರೆದುಕೊಂಡು ಹೋಗಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸು. ಹೋಳಿಗೆ ತಿಂದಿದ್ದೇನೆ, ಇವತ್ತು ಬೇಡ ಅನ್ನುತ್ತಾನೆ, ಆ ಪರೀಕ್ಷೆಗೆ ಉಪವಾಸ ಬೇಕಿಲ್ಲ ಅಂತ ನಾನೇ ಹೇಳಿದ್ದೇನೆ ಅನ್ನು.